ಸವೆತ

ಅಂತೊಫಗಾಸ್ತಾದಿಂದ ವಾಲ್ದಿವಿಯಾಕ್ಕೆ
ಬಸ್ಸಿನಲ್ಲಿ ಒಂದೂವರೆ ದಿನ.
ಲಿಸಾಂದ್ರೊ ಮೂವತ್ತೊಂದು ಸಲ ಸೀಟು ಬಿಟ್ಟೆದ್ದ.
ಎಣಿಸಿದ್ದು ನಾನಲ್ಲ, ಹಿಂದಿನ ಸೀಟಿನ ಹೆಂಗಸು;
ಇಳಿಯುವಾಗ ಲೆಕ್ಕ ಒಪ್ಪಿಸಿದಳು,
ನಾನೇನೋ ಬಾಕಿ ತೀರಿಸಬೇಕು ಅನ್ನುವ ಹಾಗೆ.

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ
ಅನ್ನುತ್ತಾಳೆ ನನ್ನ ಅಕ್ಕ ಮಿರೇಯಾ.
ಇರಲಿ. ಚಕ್ರ ನನಗೆ ಗೊತ್ತಿರುವ ವಿಷಯ.
ತಾಮ್ರದ ಗಣಿಯಲ್ಲಿ ಹನ್ನೊಂದು ವರ್ಷ
ಲಾರಿಗಳ ಬೇರಿಂಗು ಬಿಚ್ಚಿದವಳು ನಾನು.
ಇನ್ನು ಮುಂದೆ ದೋಣಿಗಳ ಎಂಜಿನ್ನು.
ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಸಿಕ್ಕಿದೆ,
ಮರಳುಗಾಡಿನವಳಿಗೆ ಕೊಡೆಯೂ ಸಿಕ್ಕಿದೆ.
ಶಾಲೆಯೊಂದು ಬಾಕಿ.

ಕೈಚೀಲದಲ್ಲಿ ಡಾಕ್ಟರರ ಕಾಗದ.
ಅದರ ತಲೆಯ ಮೇಲೆ ಎಡಿಎಚ್‌ಡಿ.
ಮೊದಲೇ ಕೊಡಲೋ, ಮುಚ್ಚಿಡಲೋ?
ಒಂದು ಶಾಲೆಯಲ್ಲಿ ಕೊಟ್ಟಿದ್ದೆ:
ಕಾಗದ ಓದಿದರು, ಅವನನ್ನು ಓದಲಿಲ್ಲ.
ಅದಕ್ಕೂ ಹಿಂದಿನದರಲ್ಲಿ ಕೊಟ್ಟಿರಲಿಲ್ಲ:
ಅವರೇ ಹೆಸರಿಟ್ಟರು, ಸೋಮಾರಿ ಅಂತ,
ದಿನಕ್ಕೆ ಹದಿನಾರು ಗಂಟೆ ಓಡುವವನಿಗೆ!

ಗುಡ್ಡದ ಮೇಲಿನ ಶಾಲೆಯ ಪಡಸಾಲೆ ಎಷ್ಟು ನಿಶ್ಶಬ್ದವೆಂದರೆ
ನನ್ನ ಬೂಟಿಗೇ ನಾಚಿಕೆಯಾಯಿತು.
"ಆರು ತಿಂಗಳು ಕೊಡಿ, ಸರಿಮಾಡುತ್ತೇವೆ" ಅಂದರು ಮುಖ್ಯೋಪಾಧ್ಯಾಯರು.
ಕೆಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು, ಸ್ವಾಮಿ,
ಕೆಟ್ಟದ್ದು ಹೇಗಿರುತ್ತದೆಂದು ನಾನು ಬಲ್ಲೆ.
ಹೇಳಲಿಲ್ಲ. ಕೊಡೆ ತೆಗೆದುಕೊಂಡೆ.

ಇನ್ನೊಂದರಲ್ಲಿ ಎಲ್ಲವೂ ಇತ್ತು:
ತೂಗುವ ಜೋಕಾಲಿ, ಮೆತ್ತನೆ ಗೋಡೆ,
ನನಗಿಂತ ಚೆನ್ನಾಗಿ ನನ್ನ ಮಗನನ್ನು ವಿವರಿಸಬಲ್ಲ ಮೇಡಂ.
ಶುಲ್ಕ ಕೇಳಿದ ಕೂಡಲೇ
ಅವನ ಕೈ ಬಿಗಿಯಾಗಿ ಹಿಡಿದುಕೊಂಡೆ,
ಏನಾದರೂ ಒಡೆದುಬಿಟ್ಟಾನು ಅಂತ.

ಮಧ್ಯಾಹ್ನ ನದಿದಂಡೆಯ ಮೀನುಪೇಟೆ.
ಕಟಕಟೆಯಾಚೆ ಮಲಗಿದ್ದವು ಕಡಲಸಿಂಹಗಳು,
ಪಿಂಚಣಿ ಬಂದ ದಿನದ ಗಂಡಸರ ಹಾಗೆ.
ಲಿಸಾಂದ್ರೊ ನಿಂತ.
ನಲವತ್ತು ನಿಮಿಷ ಅಲುಗಾಡದೆ ನಿಂತ.
ತಲೆಯಿಂದ ನೀರು ಇಳಿದು ಕಾಲರಿನೊಳಗೆ ಹೋಗುತ್ತಿತ್ತು, ಒರೆಸಲೂ ಇಲ್ಲ.
ಇದನ್ನು ಬರೆದುಕೊಳ್ಳಲು
ಡಾಕ್ಟರರ ಕಾಗದದಲ್ಲಿ ಜಾಗವಿಲ್ಲ.

ಪೇಟೆಯ ಹಿಂದೆಯೇ ಪುರಸಭೆಯ ಶಾಲೆ.
ಸೂರು ಸೋರಿ ಬಕೆಟ್ಟಿನಲ್ಲಿ ಟಪ್ ಟಪ್.
ಟೀಚರ್ ರೊಸಾಲ್ಬಾ ಕತ್ರಿಲೇವೊ, ಅಂಗಿಯ ತೋಳಿಗೆ ಸೀಮೆಸುಣ್ಣ:
"ಇಪ್ಪತ್ತೇಳು ಮಕ್ಕಳಿದ್ದಾರೆ. ತಜ್ಞೆ ಬರುವುದು ಗುರುವಾರ ಮಾತ್ರ.
ನನಗೆ ಇದೆಲ್ಲ ಅಷ್ಟಾಗಿ ಗೊತ್ತಿಲ್ಲ."
ಒಳ್ಳೆಯದು ಅಂದು ಎದ್ದೆ.

ಆಗ ಕಂಡಿತು. ಕಿಟಕಿ ಪಕ್ಕದ ಕುರ್ಚಿಯ ಕೆಳಗೆ
ಹಲಗೆ ನೆಲದಲ್ಲಿ ಎರಡು ಗುಳಿ,
ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು.
ಮಂಡಿಯೂರಿ ಸವರಿದೆ. ಅಂಚು ನುಣುಪು.
ಒಂದು ದಿನದ್ದಲ್ಲ, ಒಂದು ವರ್ಷದ್ದೂ ಅಲ್ಲ.

"ಅದಾ? ನಯೇಲಿ ಅಂತ ಒಬ್ಬಳು.
ನಾಲ್ಕು ವರ್ಷ ಹಿಂದಕ್ಕೂ ಮುಂದಕ್ಕೂ ತೂಗಿದಳು.
ಹಲಗೆ ಬದಲಿಸಬೇಕು, ದುಡ್ಡಿಲ್ಲ."

ನಾಲ್ಕು ವರ್ಷ
ಯಾರೂ ಆ ಕುರ್ಚಿ ಎತ್ತಿಡಲಿಲ್ಲ.
ಯಾರೂ ಆ ಹುಡುಗಿಯನ್ನು ಎತ್ತಿಡಲಿಲ್ಲ.
ಮರ ಸುಮ್ಮನೆ ಸವೆಯುವುದಿಲ್ಲ,
ಅದರ ಸದ್ದು ಸಹಿಸಿಕೊಂಡು
ಯಾರೋ ಭಾಗಾಕಾರ ಹೇಳಿಕೊಡುತ್ತಿರಬೇಕು.

ನಾನು ಏಳುವಷ್ಟರಲ್ಲಿ ಅವನು ಕೂತಾಗಿತ್ತು,
ಹಿಂಗಾಲು ಎರಡೂ ಗುಳಿಗೆ ಸರಿಯಾಗಿ ಇಳಿದಿದ್ದವು.
"ಹಿಂದಕ್ಕೆ ಬೀಳಬೇಡ, ಅಷ್ಟೇ" ಅಂದು
ಟೀಚರ್ ಬಕೆಟ್ ಚೆಲ್ಲಲು ಹೋದರು.

ಕಾಗದ ಸೋಮವಾರ ಕೊಡುತ್ತೇನೆ.
ತಪ್ಪಿದ್ದರೂ ತಪ್ಪಿರಬಹುದು ನನ್ನ ಲೆಕ್ಕ,
ಬೇರಿಂಗಿನಲ್ಲೂ ಎರಡು ಸಲ ತಪ್ಪಿದ್ದೇನೆ.

ಸಂಜೆ ಬಾಡಿಗೆ ಮನೆಯಲ್ಲಿ
ನಾಲ್ಕೂ ಕುರ್ಚಿ ಬೋರಲು ಹಾಕಿ ನೋಡಿದೆ:
ಒಂದರ ಕಾಲಿಗೂ ರಬ್ಬರಿಲ್ಲ.
ಕೆಳಗಿನ ಮನೆಯವರಿಗೆ
ಈಗಲೇ ಒಂದು ಮಾತು ಹೇಳಿ ಬರಬೇಕು.